ಟೈಪ್ 1ಓ, ಟೈಪ್ 2ಓ: ತೀರ್ಮಾನ ಆಗುವವರೆಗೆ

ನಲವತ್ತರ ಆಸುಪಾಸಿನಲ್ಲಿ ಶುಗರ್ ಕಾಣಿಸಿಕೊಂಡರೆ ಚೀಟಿಯಲ್ಲಿ ಟೈಪ್ 2 (ಇನ್ಸುಲಿನ್ ಇದ್ದರೂ ಸಾಕಷ್ಟು ಕೆಲಸ ಮಾಡದ ಬಗೆ) ಎಂದು ಬೀಳುತ್ತದೆ, ಜೊತೆಗೆ ಮೆಟ್‌ಫಾರ್ಮಿನ್. ಬಹುಪಾಲು ಜನರಿಗೆ ಅದು ಸರಿಯೇ. ಕೆಲವರಿಗೆ ಮಾತ್ರ ವರ್ಷ ಎರಡು ವರ್ಷದೊಳಗೆ ಒಂದು ಮಾತ್ರೆ ಹೋಗಿ ಮೂರಾಗುತ್ತದೆ, ಪಥ್ಯ ಬಿಗಿಯಾಗಿದ್ದರೂ ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ 9ರಿಂದ ಕದಲುವುದಿಲ್ಲ, ತೂಕ ಮಾತ್ರ ಇಳಿಯುತ್ತಲೇ ಇರುತ್ತದೆ. ಆಗ ಡಾಕ್ಟರು ‘ಟೈಪ್ 1 ಕೂಡ ಇರಬಹುದು, ನೋಡೋಣ’ ಅನ್ನುತ್ತಾರೆ. ದೊಡ್ಡವರಲ್ಲಿ ನಿಧಾನವಾಗಿ ಬರುವ ಈ ಆಟೋಇಮ್ಯೂನ್ ಬಗೆಗೆ ಲಾಡಾ ಎಂದು ಹೆಸರು. ದೇಹದ ರಕ್ಷಣಾ ವ್ಯವಸ್ಥೆಯೇ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ಮೆಲ್ಲಗೆ ಹಾಳು ಮಾಡುತ್ತಾ ಬರುತ್ತದೆ. ಮೊದಮೊದಲು ಮಾತ್ರೆಗೆ ಬಗ್ಗುವುದರಿಂದ ಟೈಪ್ 2ರ ಹಾಗೇ ಕಾಣುತ್ತದೆ.

ಯುರೋಪಿನವರ ಲೆಕ್ಕದಲ್ಲಿ ರೋಗಿ ತೆಳ್ಳಗಿದ್ದರೆ ಟೈಪ್ 1ರ ಅನುಮಾನ. ನಮ್ಮಲ್ಲಿ ಅದು ಅರ್ಧ ಮಾತ್ರ ನಡೆಯುತ್ತದೆ. ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 22 ಇದ್ದು, ಹೊಟ್ಟೆಯಷ್ಟೇ ಮುಂದೆ ಬಂದವರಿಗೂ ಇಲ್ಲಿ ಟೈಪ್ 2 ಬರುತ್ತದೆ. ಅಪ್ಪ ಅಮ್ಮನಿಗೆ ಶುಗರ್ ಇದೆ ಎಂಬುದೂ ಏನನ್ನೂ ಇತ್ಯರ್ಥ ಮಾಡದು, ಯಾರ ಮನೆಯಲ್ಲಿ ಇಲ್ಲ ಹೇಳಿ? ಹೆಚ್ಚು ನೆಚ್ಚಬಹುದಾದ ಸುಳಿವುಗಳು ಬೇರೆ: ಮಾತ್ರೆಗಳು ಬೇಗ ಸೋಲುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಕೀಟೋನ್ (ಇನ್ಸುಲಿನ್ ಸಾಲದೆ ದೇಹ ಕೊಬ್ಬು ಕರಗಿಸಿದಾಗ ಹುಟ್ಟುವ ಆಮ್ಲ) ಕಾಣಿಸುವುದು, ತಮಗೋ ಮನೆಯವರಿಗೋ ಆಟೋಇಮ್ಯೂನ್ ಥೈರಾಯ್ಡ್ ಅಥವಾ ತೊನ್ನು ಇರುವುದು.

ಮೊದಲ ಪರೀಕ್ಷೆ ಜಿಎಡಿ ಆಂಟಿಬಾಡಿ, ಬೀಟಾ ಕೋಶಗಳ ಮೇಲಿನ ದಾಳಿಯ ಗುರುತಾಗಿ ರಕ್ತದಲ್ಲಿ ಸಿಗುವಂಥದ್ದು. ಅದು ನೆಗೆಟಿವ್ ಬಂದು ಅನುಮಾನ ಉಳಿದರೆ ಐಎ-2 ಮತ್ತು ಜಿಂಕ್ ಟ್ರಾನ್ಸ್‌ಪೋರ್ಟರ್ 8 ಎಂಬ ಇನ್ನೆರಡು ಆಂಟಿಬಾಡಿ. ಎರಡು ಆಂಟಿಬಾಡಿ ಪಾಸಿಟಿವ್ ಎಂದರೆ ಉತ್ತರ ಬಹುತೇಕ ಸಿಕ್ಕಂತೆ. ಜಿಎಡಿ ಒಂದೇ, ಅದೂ ಗಡಿಯಿಂದ ಸ್ವಲ್ಪವೇ ಮೇಲಿದ್ದರೆ ಅದು ಸುಳ್ಳು ಪಾಸಿಟಿವ್ ಆಗಿರುವ ಸಾಧ್ಯತೆ ಸಾಕಷ್ಟಿದೆ. ಹಾಗೆಯೇ ಎಲ್ಲವೂ ನೆಗೆಟಿವ್ ಎಂದು ನಿರಾಳವಾಗುವಂತಿಲ್ಲ: ದೊಡ್ಡ ವಯಸ್ಸಿನಲ್ಲಿ ಟೈಪ್ 1 ಬಂದವರಲ್ಲಿ ನೂರಕ್ಕೆ 5ರಿಂದ 10 ಮಂದಿಗೆ ಆಂಟಿಬಾಡಿ ಸಿಗುವುದೇ ಇಲ್ಲ.

ಎರಡನೆಯದು ಸಿ-ಪೆಪ್ಟೈಡ್. ಹೆಚ್ಚು ಗೊಂದಲ ಆಗುವುದು ಇಲ್ಲೇ. ದೇಹ ಒಂದು ಇನ್ಸುಲಿನ್ ಕಣ ಮಾಡಿದಾಗಲೆಲ್ಲ ಒಂದು ಸಿ-ಪೆಪ್ಟೈಡ್ ಕೂಡ ಹೊರಬರುತ್ತದೆ. ಇಂಜೆಕ್ಷನ್ನಿನ ಇನ್ಸುಲಿನ್‌ನಲ್ಲಿ ಅದು ಇರುವುದಿಲ್ಲ. ಆದ್ದರಿಂದ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೂ ಸ್ವಂತ ಉತ್ಪಾದನೆ ಎಷ್ಟೆಂದು ತಿಳಿಯಬಹುದು. ಊಟವಾಗಿ 5 ಗಂಟೆಯೊಳಗೆ ರಕ್ತ ಕೊಡಿ, ಅದೇ ಹೊತ್ತಿನ ಗ್ಲೂಕೋಸನ್ನೂ ಬರೆಸಿ. 0.6 ನ್ಯಾನೊಗ್ರಾಂಗಿಂತ (ಒಂದು ಮಿಲಿಲೀಟರಿಗೆ) ಕಡಿಮೆ ಎಂದರೆ ಟೈಪ್ 1ರಂತೆಯೇ ಚಿಕಿತ್ಸೆ ಬೇಕು. 1.8ಕ್ಕಿಂತ ಹೆಚ್ಚು ಎಂದರೆ ಟೈಪ್ 2ರ ಕಡೆಗೆ ವಾಲುತ್ತದೆ. ನಡುವಿನದು ಮಬ್ಬು ಪ್ರದೇಶ, ಆರು ತಿಂಗಳಿಗೊಮ್ಮೆ ಮತ್ತೆ ನೋಡಬೇಕು. ಕಾಯಿಲೆ ಗೊತ್ತಾಗಿ ಮೂರು ವರ್ಷ ಆಗಿಲ್ಲದಿದ್ದರೆ 1.8 ದಾಟಿದ ಅಂಕಿಯನ್ನೂ ಪೂರ್ತಿ ನಂಬಬಾರದು, ಆಟೋಇಮ್ಯೂನ್ ಬಗೆಯಲ್ಲೂ ಆಗಿನ್ನೂ ಒಂದಷ್ಟು ಕೋಶ ಉಳಿದಿರುತ್ತವೆ.

ರಿಪೋರ್ಟಿನಲ್ಲಿ ‘ನಾರ್ಮಲ್’ ಎಂದಿರುವುದನ್ನೂ ಹಾಗೇ ಒಪ್ಪಬೇಡಿ. ಆ ಮಿತಿ ಸಾಮಾನ್ಯವಾಗಿ ಖಾಲಿ ಹೊಟ್ಟೆಯ ಆರೋಗ್ಯವಂತರದು. ಗ್ಲೂಕೋಸ್ 260 ಇದ್ದಾಗ ಸಿ-ಪೆಪ್ಟೈಡ್ 1.2 ಇದ್ದರೆ, ಅಷ್ಟು ಸಕ್ಕರೆಗೆ ಆ ಉತ್ತರ ಸಾಲದು. ಅಂಕಿ ಕೆಡುವುದಕ್ಕೆ ಬೇರೆ ಕಾರಣಗಳೂ ಇವೆ. ವಾರಗಟ್ಟಲೆ ಶುಗರ್ 350–400 ಇದ್ದರೆ ಬೀಟಾ ಕೋಶಗಳು ತಾತ್ಕಾಲಿಕವಾಗಿ ಸುಸ್ತಾಗಿ ಸಿ-ಪೆಪ್ಟೈಡ್ ಕಡಿಮೆ ತೋರಿಸುತ್ತವೆ, ಹತೋಟಿಗೆ ಬಂದು ಕೆಲ ವಾರಗಳಾದ ಮೇಲೆ ಮತ್ತೆ ಮಾಡಿಸಬೇಕು. ಕಿಡ್ನಿ ಸೋತಿದ್ದರೆ ಸಿ-ಪೆಪ್ಟೈಡ್ ಇರುವುದಕ್ಕಿಂತ ಹೆಚ್ಚು ಕಾಣುತ್ತದೆ. ಕೂದಲಿಗೆಂದು ನುಂಗುವ ಬಯೋಟಿನ್ ಮಾತ್ರೆ ಕೆಲವು ಯಂತ್ರಗಳಲ್ಲಿ ಅಂಕಿಯನ್ನು ತಗ್ಗಿಸುತ್ತದೆ. ಇಂಥ ಮಾತ್ರೆ ನುಂಗುತ್ತಿದ್ದರೆ ರಕ್ತ ಕೊಡುವ ಮೊದಲೇ ಲ್ಯಾಬಿನವರಿಗೂ ಡಾಕ್ಟರಿಗೂ ಹೇಳಿ.

ಕಬ್ಬಿಣದ ಕೊರತೆಯ ರಕ್ತಹೀನತೆ ಇದ್ದರೆ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ನಮ್ಮ ಹೆಂಗಸರಲ್ಲಿ ಇದು ಅಪರೂಪವಲ್ಲ. ಅದಕ್ಕೇ ಖಾಲಿ ಹೊಟ್ಟೆಯ, ಊಟದ ಎರಡು ಗಂಟೆ ಮೇಲಿನ ಅಂಕಿಗಳ ಪುಸ್ತಕ ಕೈಯಲ್ಲಿರಬೇಕು. ಬೆನ್ನಿಗೆ ಹಾಯುವ ಹೊಟ್ಟೆನೋವು, ಎಣ್ಣೆಯಂತೆ ತೇಲುವ ಮಲ ಇದ್ದರೆ ಮೇದೋಜ್ಜೀರಕದ ಸ್ಕ್ಯಾನ್ ಕೇಳಿ. ಅಲ್ಲಿ ಕಲ್ಲುಗಟ್ಟಿ ಬರುವ ಮಧುಮೇಹ ದಕ್ಷಿಣ ಭಾರತದಲ್ಲಿ ಹಳೆಯ ಪರಿಚಯ. ಮೂರು ತಲೆಮಾರಿನಲ್ಲಿ ಚಿಕ್ಕ ವಯಸ್ಸಿಗೇ ಶುಗರ್ ಬಂದಿದ್ದು, ಆಂಟಿಬಾಡಿ ಇಲ್ಲದಿದ್ದರೆ ಮೋಡಿ ಎಂಬ ವಂಶವಾಹಿ ಬಗೆಯ ಪರೀಕ್ಷೆಗೆ ಅರ್ಥವಿದೆ.

ತೀರ್ಮಾನವಾಗದ ತಿಂಗಳುಗಳಲ್ಲಿ ನಿಜವಾದ ಅಪಾಯ ಕೀಟೋನ್. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತವೆ. ಒಳಗೆ ಇನ್ಸುಲಿನ್ ಸಾಲದವರಲ್ಲಿ ಇವುಗಳಿಂದ ಶುಗರ್ 180 ಇದ್ದಾಗಲೂ ಕೀಟೋಆಸಿಡೋಸಿಸ್ (ಕೀಟೋನ್ ತುಂಬಿ ರಕ್ತ ಆಮ್ಲೀಯವಾಗುವುದು) ಆಗಬಹುದು, ಮೀಟರ್ ನೋಡಿದವರಿಗೆ ಏನೂ ಆಗಿಲ್ಲ ಅನಿಸುತ್ತದೆ. ಈ ಮಾತ್ರೆಯ ಜೊತೆಗೆ ಅನ್ನ, ಮುದ್ದೆ, ಚಪಾತಿ ಎಲ್ಲ ಬಿಟ್ಟರೆ, ಏಕಾದಶಿಯ ಉಪವಾಸ ಹಿಡಿದರೆ ಅಪಾಯ ಇನ್ನೂ ಹೆಚ್ಚು. ಟೈಪ್ 1ರ ಅನುಮಾನ ಬಂದ ದಿನವೇ ಈ ಮಾತ್ರೆ ಮುಂದುವರಿಸಬೇಕೇ ಎಂದು ಡಾಕ್ಟರನ್ನು ಕೇಳಿ. ವಾಂತಿ, ಹೊಟ್ಟೆನೋವು, ಏದುಸಿರು ಇದ್ದರೆ ಶುಗರ್ ಎಷ್ಟೇ ಇರಲಿ ಕೀಟೋನ್ ನೋಡಬೇಕು. ರಕ್ತದ ಮೀಟರಿನಲ್ಲಿ 0.6ಕ್ಕಿಂತ ಕಡಿಮೆ ಸಹಜ, 1.5 ದಾಟಿದರೆ ಆಸ್ಪತ್ರೆಗೆ ಫೋನ್ ಮಾಡಿ, 3 ಆದರೆ ಕಾಯದೆ ಹೊರಡಿ. ಮೂತ್ರದ ಪಟ್ಟಿಯಾದರೆ 2+ ಕಂಡರೇ ಹೊರಡುವುದು.

ಇನ್ಸುಲಿನ್ ಶುರು ಮಾಡಿದ್ದರೆ ‘ಇನ್ನೂ ಖಚಿತವಾಗಿಲ್ಲವಲ್ಲ’ ಎಂದು ತಾವಾಗಿ ನಿಲ್ಲಿಸಬಾರದು. ಹಿತ್ತಲಲ್ಲಿ ಬೆಳೆಯುವ ‘ಇನ್ಸುಲಿನ್ ಗಿಡ’ದ ಎಲೆ ಅದಕ್ಕೆ ಬದಲಿಯಲ್ಲ, ಹೆಸರು ಹಾಗಿದೆ ಅಷ್ಟೇ. ಶುಗರ್ 70ಕ್ಕಿಂತ ಕೆಳಗಿಳಿದರೆ ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ನೋಡಿ.

ಫೈಲಿನ ಮೊದಲ ಪುಟದ ‘ಟೈಪ್ 2’ ತಿದ್ದಿಸಿ. ‘ಬಗೆ ಖಚಿತವಾಗಿಲ್ಲ, ಇನ್ಸುಲಿನ್ ನಿಲ್ಲಿಸಬೇಡಿ, ವಾಂತಿಯಿದ್ದರೆ ಕೀಟೋನ್ ಪರೀಕ್ಷಿಸಿ’ ಎಂದು ಡಾಕ್ಟರ ಕೈಯಲ್ಲೇ ಬರೆಸಿ, ಕೆಳಗೆ ಜಿಎಡಿ, ಸಿ-ಪೆಪ್ಟೈಡ್ ಅಂಕಿ, ತಾರೀಖು, ಮುಂದಿನ ಪರೀಕ್ಷೆಯ ತಿಂಗಳು ಹಾಕಿಸಿ. ಅದರ ಫೋಟೊ ಮನೆಯವರ ಮೊಬೈಲಿನಲ್ಲೂ ಇರಲಿ. ರಾತ್ರಿ ಎರಡಕ್ಕೆ ಕ್ಯಾಶುವಾಲ್ಟಿಯ ಡ್ಯೂಟಿ ಡಾಕ್ಟರು ಮೊದಲು ಕೇಳುವುದು ಅದನ್ನೇ.