ನಾಲ್ಕೂ ಜನ ಒಟ್ಟಿಗೆ ಕೂತು ತಿಂದ ವಾಫಲ್

ವಾಫಲ್ ಅಂದ್ರೆ ಎರಡು ಬಿಸಿ ಪ್ಲೇಟ್ ಮಧ್ಯ ಹಿಟ್ಟು ಹಾಕಿ ಬೇಯಿಸೋ, ಮೈಮೇಲೆಲ್ಲ ಸಣ್ಣ ಸಣ್ಣ ಗುಂಡಿ (ಕುಳಿ) ಇರೋ ತಿಂಡಿ. ಅದನ್ನ ಮಾಡೋ ವಾಫಲ್ ಮೇಕರ್ ನಮ್ಮನೇಗೆ ಬಂದು ಒಂದು ವರ್ಷದ ಮೇಲಾಯ್ತು, ಆಗಾಗ ಮಾಡ್ತಾನೂ ಇದ್ವಿ, ಆದ್ರೆ ಒಂದೇ ಒಂದು ಸಲಾನೂ ನಾಲ್ಕು ಜನ ಒಟ್ಟಿಗೆ ಕೂತು ತಿಂದಿದ್ದಿಲ್ಲ. ಆ ಮೆಷಿನ್ನಲ್ಲಿ ಒಂದ್ಸಲಕ್ಕೆ ಬರೋದು ಒಂದೇ, ಅದು ಬೇಯೋಕೆ ಐದು ನಿಮಿಷ. ಮೊದಲ್ನೇದು ಮಗನಿಗೆ, ಎರಡ್ನೇದು ಮಗಳಿಗೆ, ಮೂರನೇದು ನಂಗೆ, ಅಷ್ಟೊತ್ತಿಗೆ ಮಗ ಖಾಲಿ ತಟ್ಟೆ ಹಿಡ್ಕೊಂಡು ಮತ್ತೆ ಬಂದು ನಿಂತಿರ್ತಾನೆ, ಹೀಗೆ ಹಾಕ್ತಾ ಹಾಕ್ತಾ ಕೊನೆಗೆ ನನ್ನ ಹೆಂಡ್ತಿ ಪಾತ್ರೆ ತಳದಲ್ಲಿ ಉಳಿದ ಹಿಟ್ಟಿಂದ ಬಂದ ಅರ್ಧ ವಾಫಲ್‌ನ ಸಿಂಕ್ ಪಕ್ಕ ನಿಂತ್ಕೊಂಡೇ ತಿಂದು ಪಾತ್ರೆ ತೊಳೆಯೋಕೆ ಶುರು ಮಾಡ್ತಿದ್ಲು. ಇದನ್ನ ಎಷ್ಟೋ ಸಲ ನೋಡಿದ್ದೀನಿ, ನೋಡಿ ಸುಮ್ನಿದ್ದೆ, ಅದು ಈಗ ಬೇಜಾರಾಗುತ್ತೆ.

ಹೋದ ಭಾನುವಾರ ಅವಳು ನೈಟ್ ಡ್ಯೂಟಿ ಮುಗಿಸಿ ಬಂದು, ಹನ್ನೊಂದಕ್ಕೆ ಎಬ್ಬಿಸ್ರೀ ಅಂತ ಹೇಳಿ ಮಲಗಿದ್ಲು. ಅವಳು ಏಳೋ ಹೊತ್ತಿಗೆ ಎಲ್ಲಾ ವಾಫಲ್‌ಗಳೂ ಆಗಿರ್ಬೇಕು, ಬಿಸಿಯಾಗೂ ಇರ್ಬೇಕು, ಗರಿಗರಿಯಾಗೂ ಇರ್ಬೇಕು, ಮೆಷಿನ್ ಆಫ್ ಆಗಿರ್ಬೇಕು. ಮಕ್ಕಳಿಬ್ರಿಗೂ ಹೇಳ್ದೆ, ಇಬ್ರೂ ಪಿಸುಮಾತಲ್ಲೇ ಹೂಂ ಅಂದ್ರು.

ಒಂಬತ್ತೂವರೆಗೆ ಶುರು. ಎರಡು ಕಪ್ ಮೈದಾ ಅಳೆದು ಅದ್ರಲ್ಲಿ ಕಾಲು ಕಪ್ ವಾಪಸ್ ತೆಗೆದು, ಆ ಕಾಲು ಕಪ್ಪಿನ ಜಾಗಕ್ಕೆ ಕಾರ್ನ್‌ಫ್ಲೋರ್ ಹಾಕ್ದೆ. ಕಾರ್ನ್‌ಫ್ಲೋರಲ್ಲಿ ಗ್ಲುಟೆನ್, ಅಂದ್ರೆ ಮೈದಾನ ಜಿಗುಟು ಮಾಡೋ ಪ್ರೋಟೀನ್, ಇಲ್ಲ, ಅದಕ್ಕೆ ಹೊರಗಿನ ಪದರ ಗರಿಗರಿ ಆಗುತ್ತೆ. ಮೂರು ಟೀ ಚಮಚ ಬೇಕಿಂಗ್ ಪೌಡರ್, ಅರ್ಧ ಟೀ ಚಮಚ ಉಪ್ಪು, ಎರಡು ದೊಡ್ಡ ಚಮಚ ಸಕ್ಕರೆ. ಇನ್ನೊಂದು ಪಾತ್ರೇಲಿ ಒಂದೂ ಮುಕ್ಕಾಲು ಕಪ್ ಹಾಲು, ಎರಡು ಮೊಟ್ಟೆಯ ಹಳದಿ, ಅರ್ಧ ಕಪ್ ಕರಗಿಸಿದ ಬೆಣ್ಣೆ. ಇಲ್ಲೊಂದು ಎಡವಟ್ಟಾಯ್ತು, ಹಾಲು ಫ್ರಿಜ್ಜಿಂದ ಆಗ ತಾನೇ ತೆಗೆದಿದ್ದು, ಬೆಣ್ಣೆ ಸುರಿದ ತಕ್ಷಣ ಅದು ಮತ್ತೆ ಗಟ್ಟಿಯಾಗಿ ಸಣ್ಣ ಸಣ್ಣ ಹಳದಿ ಕಾಳುಗಳಾಗಿ ಮೇಲೆ ತೇಲ್ತು. ಪಾತ್ರೆನ ಉಗುರು ಬೆಚ್ಚಗಿನ ನೀರಲ್ಲಿ ಎರಡು ನಿಮಿಷ ಇಟ್ಟು ತಿರುಗಿಸಿದ್ಮೇಲೆ ಸರಿಹೋಯ್ತು. ಹಾಲು ಮೊದ್ಲೇ ಹೊರಗೆ ತೆಗೆದಿಟ್ಟಿದ್ರೆ ಈ ಕೆಲಸಾನೇ ಇರ್ತಿರ್ಲಿಲ್ಲ.

ಮೊಟ್ಟೆಯ ಬಿಳಿ ಭಾಗ ಮಗಳ ಕೈಗೆ ಕೊಟ್ಟೆ. ಮಿಕ್ಸರ್ ಹಾಕಿದ್ರೆ ಸದ್ದಿಗೆ ಅಮ್ಮ ಎದ್ಬಿಡ್ತಾಳೆ ಅಂತ ಅವಳು ಕೈಯಲ್ಲೇ ವಿಸ್ಕ್ (ತಂತಿಯ ಕಡೆಗೋಲು) ಹಿಡಿದು ಕಡೆದ್ಲು, ಕೈ ಬದಲಾಯ್ಸಿ ಬದಲಾಯ್ಸಿ ಕಡೆದ್ಲು, ನೀರಿನ ಥರ ಇದ್ದದ್ದು ಮೊದ್ಲು ಸೋಪಿನ ನೊರೆ ಆಗಿ, ಆಮೇಲೆ ಬೆಳ್ಳಗೆ ದಪ್ಪ ಆಗಿ, ವಿಸ್ಕ್ ಎತ್ತಿದ್ರೆ ತುದಿ ಮೆಲ್ಲಗೆ ಬಾಗಿ ನಿಲ್ತು. ಅಷ್ಟು ಸಾಕು ಮರಿ ಅಂದೆ. ಒಣ ಹಿಟ್ಟಿಗೆ ಹಾಲು ಸೇರಿಸಿ ಹತ್ತು ಹನ್ನೆರಡು ಸಲ ತಿರುಗಿಸಿ ನಿಲ್ಲಿಸ್ದೆ, ಗಂಟು ಇನ್ನೂ ಕಾಣ್ತಿತ್ತು. "ಅಪ್ಪಾ, ಗಂಟು ಗಂಟಿದೆ" ಅಂದ್ಲು. ಇರ್ಲಿ ಬಿಡು ಅಂದೆ, ಗಂಟು ಹೋಗೋ ತನಕ ತಿರುಗಿಸಿದ್ರೆ ಮೈದಾ ಜಿಗುಟಾಗಿ ವಾಫಲ್ ರಬ್ಬರ್ ಥರ ಆಗುತ್ತೆ, ಸಣ್ಣ ಗಂಟೆಲ್ಲ ಬೇಯೋವಾಗ ತಾನೇ ಕರಗುತ್ತೆ. ಕೊನೆಗೆ ಆ ನೊರೆನ ಕೆಳಗಿಂದ ಮೇಲಕ್ಕೆ ಮಗುಚ್ತಾ ಮೆತ್ತಗೆ ಬೆರೆಸಿದ್ವಿ.

ಮೆಷಿನ್ ಕಾಯೋ ಹೊತ್ತಲ್ಲಿ ಮಗಳು ಕೇಳಿದ್ಲು, ಕರೆಂಟ್ ಇಲ್ದಾಗ ಹೇಗೆ ಮಾಡ್ತಿದ್ರು ಅಂತ. ಉದ್ದ ಹಿಡಿಕೆಯ ಎರಡು ಕಬ್ಬಿಣದ ಹಲಗೆ ಮಧ್ಯ ಹಿಟ್ಟು ಹಾಕಿ ಬೆಂಕಿ ಮೇಲೆ ಹಿಡೀತಿದ್ರಂತೆ, 1869ರಲ್ಲಿ ಅಮೆರಿಕದ ಕಾರ್ನೀಲಿಯಸ್ ಸ್ವಾರ್ಟ್‌ವೌಟ್ ಅನ್ನೋರು ಒಲೆ ಮೇಲಿಟ್ಟು ಸುಲಭವಾಗಿ ಮಗುಚೋ ಥರದ್ದಕ್ಕೆ ಪೇಟೆಂಟ್ ತಗೊಂಡ್ರು ಅಂತ ಹೇಳ್ತಿರೋವಾಗ್ಲೇ ಹಸಿರು ಲೈಟ್ ಬಂತು.

ಮೊದಲ್ನೇ ವಾಫಲ್ ಹೋಯ್ತು. ಎರಡೇ ನಿಮಿಷಕ್ಕೆ ಮಗ ಆಸೆ ತಡೀಲಾರ್ದೆ ಮುಚ್ಚಳ ಎತ್ತಿಬಿಟ್ಟ, ವಾಫಲ್ ಅಡ್ಡಕ್ಕೆ ಸೀಳಿ ಅರ್ಧ ಮೇಲಿನ ಪ್ಲೇಟಿಗೆ ಅರ್ಧ ಕೆಳಗಿನ ಪ್ಲೇಟಿಗೆ ಅಂಟ್ಕೊಂಡು ನಿಂತ್ತು. ಅವನ ಕಣ್ಣಲ್ಲಿ ನೀರು ಬಂತು. ಮರದ ಕಡ್ಡೀಲಿ ಪ್ಲೇಟಿಗೆ ಅಂಟಿದ್ದನ್ನ ಒಂದೊಂದೇ ಗುಂಡಿಯಾಗಿ ಬಿಡಿಸ್ತಾ ಅವನಿಗೆ ಬಿಲ್ ಬೋವರ್‌ಮನ್ ಕಥೆ ಹೇಳ್ದೆ. ಆತ ಓಟಗಾರರ ಕೋಚ್, ನೈಕಿ ಕಂಪನಿ ಕಟ್ಟಿದ ಇಬ್ರಲ್ಲಿ ಒಬ್ರು, 1970ರ ದಶಕದ ಶುರುವಲ್ಲಿ ಶೂ ತಳಕ್ಕೆ ಹೊಸ ಡಿಸೈನ್ ಹುಡುಕ್ತಾ ಹೆಂಡ್ತಿಯ ವಾಫಲ್ ಮೆಷಿನ್ನಿಗೇ ಯುರೇಥೇನ್ ಅನ್ನೋ ರಬ್ಬರ್ ಥರದ ವಸ್ತು ಸುರಿದ್ರು, ಅಂಟದ ಹಾಗೆ ಏನೂ ಸವರಿರ್ಲಿಲ್ಲ, ಮೆಷಿನ್ ತೆಗೆಯೋಕೇ ಬರ್ದಂಗೆ ಮುಚ್ಕೊಂಡ್ಬಿಡ್ತು. ಆದ್ರೂ ಬಿಡ್ಲಿಲ್ಲ, ಆ ವಾಫಲ್ ತಳದ ಶೂ ಲಕ್ಷಾಂತರ ಜನ ಹಾಕ್ಕೊಂಡು ಓಡಿದ್ರು. ಮಗ ಓಡಿಹೋಗಿ ತನ್ನ ಶೂ ತಂದು ಬಾಗಿಲಲ್ಲೇ ಕೂತು ತಳ ತಿರುಗಿಸಿ ಗುಂಡಿ ಹುಡುಕ್ತಿದ್ದ, ಅಳು ಮರೆತೇ ಹೋಗಿತ್ತು.

ಆಮೇಲಿಂದ ನಾವು ಲೈಟ್ ನೋಡ್ಲಿಲ್ಲ, ಹಬೆ ನೋಡಿದ್ವಿ. ನಮ್ಮ ಮೆಷಿನ್ನಲ್ಲಿ ಹಸಿರು ಲೈಟ್ ಮೂರು ನಿಮಿಷಕ್ಕೇ ಬಂದ್ಬಿಡುತ್ತೆ, ಆದ್ರೆ ಪಕ್ಕದಿಂದ ಹಬೆ ಇನ್ನೂ ಜೋರಾಗಿ ಬರ್ತಿರುತ್ತೆ, ಹಬೆ ಬರ್ತಿದೆ ಅಂದ್ರೆ ಒಳಗೆ ನೀರು ಇನ್ನೂ ಇದೆ, ಹಿಟ್ಟು ಗಟ್ಟಿ ಆಗಿಲ್ಲ ಅಂತ. ಹಬೆ ತೆಳ್ಳಗಾಗಿ ನಿಲ್ಲೋ ತನಕ ಮುಚ್ಚಳ ಮುಟ್ಟಬಾರ್ದು. ಈ ಕಾವಲು ಕೆಲಸ ಮಗಂದೇ, ಬೆರಳು ಎತ್ತಿ ನಿಂತಿರ್ತಿದ್ದ, "ನಿಂತ್ತು ಅಪ್ಪಾ" ಅಂದ್ಮೇಲೇ ನಾನು ತೆಗೀತಿದ್ದೆ, ವಾಫಲ್ ಹೊಂಬಣ್ಣಕ್ಕೆ ತಿರುಗಿ ತಾನಾಗೇ ಪ್ಲೇಟ್ ಬಿಟ್ಟು ಬರ್ತಿತ್ತು.

ತೆಗೆದದ್ದನ್ನೆಲ್ಲ ನೂರು ಡಿಗ್ರಿಗೆ ಇಟ್ಟ ಓವನ್‌ನಲ್ಲಿ ಜಾಲರಿ ಮೇಲೆ ಬಿಡಿಬಿಡಿಯಾಗಿ ಹರಡಿದ್ವಿ. ಇದೊಂದು ಮಾಡಿದ್ರೆ ಸಾಕು, ನನ್ನ ಪ್ರಕಾರ ಮನೇಲಿ ವಾಫಲ್ ಮಾಡೋರಿಗೆ ಇದಕ್ಕಿಂತ ಉಪಯೋಗದ ಮಾತು ಇನ್ನೊಂದಿಲ್ಲ. ತಟ್ಟೇಲಿ ಒಂದರ ಮೇಲೊಂದು ಇಟ್ರೆ ಕೆಳಗಿನದ್ರ ಹಬೆಗೆ ಮೇಲಿನದು ಮೆತ್ತಗಾಗಿ ಹತ್ತು ನಿಮಿಷಕ್ಕೆ ಒದ್ದೆ ಬಟ್ಟೆ ಥರ ಆಗುತ್ತೆ, ಜಾಲರಿ ಮೇಲಾದ್ರೆ ಸುತ್ತ ಬಿಸಿ ಗಾಳಿ ಆಡುತ್ತೆ. ಅರ್ಧ ಗಂಟೆ ಆದ್ಮೇಲೆ ಮೊದ್ಲು ಇಟ್ಟಿದ್ದನ್ನ ಮಗಳು ಉಗುರಲ್ಲಿ ತಟ್ಟಿ ನೋಡಿದ್ಲು, ಟಕ್ ಟಕ್ ಅಂತು.

ಹನ್ನೊಂದಕ್ಕೆ ಏಳು ವಾಫಲ್ ರೆಡಿ. ಎಬ್ಬಿಸಿದ್ವಿ. ಅವಳು ಮುಖ ತೊಳ್ಕೊಂಡು ನೇರ ಅಡುಗೆಮನೆಗೇ ಹೋದ್ಲು, ಅಭ್ಯಾಸ. "ಇದೇನ್ರೀ, ಪ್ಲಗ್ಗೇ ತೆಗೆದಿಟ್ಟಿದ್ದೀರಾ, ಹಿಟ್ಟೆಲ್ಲಿ?" ಅಂತ ಅಲ್ಲೇ ನಿಂತ್ಲು. ಮಗ ಕೈ ಹಿಡ್ಕೊಂಡು ಎಳ್ಕೊಂಡು ಬಂದು ಕೂರಿಸ್ದ.

ನಾಲ್ಕು ತಟ್ಟೆ ಒಂದೇ ಸಲ ಟೇಬಲ್ ಮೇಲೆ ಬಂತು. ಮಗಳು ಎಲ್ಲಾ ಗುಂಡಿಗೂ ಸಣ್ಣ ಚಮಚದಲ್ಲಿ ಒಂದೊಂದೇ ಹನಿ ಜೇನು ತುಂಬ್ತಾ ಕೂತ್ಲು, ಒಂದೂ ಬಿಡ್ಲಿಲ್ಲ. ವಾಫಲ್ ಅನ್ನೋ ಪದಕ್ಕೂ ಜೇನುಗೂಡಿಗೂ ನಂಟಿದೆ ಅಂತ ಓದಿದ್ದೆ, ಡಚ್ ಭಾಷೆಯ ವಾಫೆಲ್‌ನಿಂದ ಬಂದಿದ್ದಂತೆ, ಅವಳ ತಟ್ಟೆ ನೋಡ್ತಾ ಅದು ನೆನಪಾಯ್ತು. ಹೆಂಡ್ತಿ ಫೋರ್ಕ್ ಮುಟ್ಟಲೇ ಇಲ್ಲ, ಕೈಯಲ್ಲೇ ಗುಂಡಿ ಗುಂಡಿಗೆ ಮುರ್ದು ತಿಂದ್ಲು, ನಿಧಾನಕ್ಕೆ, ನೈಟ್ ಡ್ಯೂಟಿ ವಿಷ್ಯ ಹೇಳ್ತಾ ಹೇಳ್ತಾ.

ಮಕ್ಕಳಿಗೆ ಎರಡೆರಡು ಆಯ್ತು, ನಂಗೊಂದು, ಅವಳಿಗೊಂದು. ಏಳನೇದನ್ನ ಫ್ರೀಜರಲ್ಲಿಟ್ಟು ನಾಳೆ ಟೋಸ್ಟರಿಗೆ ಹಾಕೋಣ ಅಂತ ನಾನು ಎದ್ದೆ. "ಇರ್ಲಿ ರೀ, ಅದು ನಂಗೆ" ಅಂತ ತಟ್ಟೆ ಮುಂದಕ್ಕೆ ಚಾಚಿದ್ಲು.