ಬಿಟಿ ಹತ್ತಿ ಹೊಲದಲ್ಲಿ ಹುಳು ಮಾತ್ರ ಸಾಯುವುದಿಲ್ಲ, ಲೆಕ್ಕವೂ ಬದಲಾಗುತ್ತದೆ

ಶಿರಸಿ ಕಡೆ ಜೇನುಪೆಟ್ಟಿಗೆ ಇಟ್ಟವರ ಎದುರು ಬಿಟಿ ಹತ್ತಿ ಅಂದರೆ ಸಾಕು, ಆ ಹೂವಿಗೆ ಹೋದ ಜೇನು ಸಾಯುತ್ತದಾ ಅಂತ ಕೇಳುತ್ತಾರೆ. ನಮ್ಮ ತೋಟಪಟ್ಟಿಯಲ್ಲಿ ಹತ್ತಿ ಇಲ್ಲ, ನಿಜ. ಆದರೆ ಮುಂಡಗೋಡ, ಹಳಿಯಾಳದ ಕಡೆ ಇದೆ, ಹಾವೇರಿಗೆ ಹೋದರೆ ಇನ್ನೂ ಜಾಸ್ತಿ. ಹಿಂದೆ ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿಗೆ ಬರುತ್ತಿತ್ತು, ಪೇಟೆಯಲ್ಲಿ ಅದಕ್ಕೆ ಕುಮಟಾ ಹತ್ತಿ ಅಂತಲೇ ಹೆಸರು. ಹಾಗಾಗಿ ಇದು ನಮಗೆ ಸಂಬಂಧವಿಲ್ಲದ ವಿಷಯ ಅಂತ ನನಗೆ ಅನ್ನಿಸುವುದಿಲ್ಲ.

ಜೇನಿನ ಪ್ರಶ್ನೆಗೆ ಉತ್ತರ ಸುಲಭ. ಬಿಟಿ ಅನ್ನುವುದು ಮಣ್ಣಲ್ಲಿರುವ ಒಂದು ಬ್ಯಾಕ್ಟೀರಿಯಾ. ಅದರ ಒಂದು ಜೀನ್ ಹತ್ತಿಗೆ ಸೇರಿಸಿದ್ದಾರೆ. ಗಿಡ ತಾನೇ ತಯಾರಿಸುವ ಆ ಪ್ರೋಟೀನ್ ಕಾಯಿಕೊರಕದ ಮರಿಹುಳುವಿನ ಕರುಳಿಗೆ ಅಂಟಿಕೊಂಡು ತೂತು ಮಾಡುತ್ತದೆ, ಹುಳು ತಿನ್ನುವುದನ್ನು ಬಿಟ್ಟು ಸಾಯುತ್ತದೆ. ಜೇನಿನ ಕರುಳಿಗೆ ಅದು ಹಾಗೆ ಅಂಟುವುದಿಲ್ಲ. ಜೇನಿನ ಮೇಲೆ ನಡೆದ 25 ಪ್ರಯೋಗಗಳನ್ನು 2008ರಲ್ಲಿ ಒಟ್ಟಿಗೆ ಇಟ್ಟು ನೋಡಿದಾಗಲೂ ಬಿಟಿ ಪ್ರೋಟೀನಿನಿಂದ ಜೇನು ಸತ್ತದ್ದು ಕಾಣಲಿಲ್ಲ. ಜೇನನ್ನು ಕೊಲ್ಲುವುದು ಹೂ ಬಿಟ್ಟಾಗ ಹೊಡೆಯುವ ಔಷಧಿ. ಇಮಿಡಾಕ್ಲೋಪ್ರಿಡ್ ಥರದ್ದು.

ಅಲ್ಲಿಗೇ ನಿಲ್ಲಿಸಿದರೆ ಬಿಟಿ ಒಳ್ಳೆಯದು ಅಂತ ಆಗಿಬಿಡುತ್ತದೆ. ನಮ್ಮ ದೇಶದಲ್ಲಿ ಒಪ್ಪಿಗೆ ಸಿಕ್ಕಿದ್ದು 2002ರಲ್ಲಿ, ಎರಡು ಬಿಟಿ ಜೀನ್ ಸೇರಿಸಿದ ಬೀಜ ಬಂದದ್ದು 2006ರಲ್ಲಿ. ಮೊದಲ ವರ್ಷಗಳಲ್ಲಿ ಕಾಯಿಕೊರಕಕ್ಕೆ ಹೊಡೆಯುವ ಔಷಧಿ ನಿಜವಾಗಿಯೂ ಕಡಿಮೆಯಾಯಿತು. ಔಷಧಿ ಕಡಿಮೆ ಆದರೆ ಜೇಡ, ಗುಲಗಂಜಿ ಹುಳು ಎಲ್ಲ ಉಳಿಯುತ್ತವೆ, ಅವು ಗಿಡದ ರಸ ಹೀರುವ ಸಸ್ಯಹೇನನ್ನು ತಿನ್ನುತ್ತವೆ. ಚೀನಾದಲ್ಲಿ ಹಾಗೇ ಆಗಿದ್ದನ್ನು ಅಳೆದು ನೋಡಿದ್ದಾರೆ. ಆದರೆ ಅದೇ ಉತ್ತರ ಚೀನಾದಲ್ಲಿ, ಅದೇ ಕಾರಣಕ್ಕೆ, ಮೊದಲು ಕಾಯಿಕೊರಕದ ಔಷಧಿಗೆ ಜೊತೆಯಲ್ಲೇ ಸಾಯುತ್ತಿದ್ದ ಮಿರಿಡ್ ತಿಗಣೆ ಹೆಚ್ಚಾಗಿ ಅಕ್ಕಪಕ್ಕದ ಹಣ್ಣಿನ ತೋಟಕ್ಕೂ ಹೋಯಿತು! ನಮ್ಮ ಹಾವೇರಿ, ಧಾರವಾಡದ ಬಿಟಿ ಹತ್ತಿಯಲ್ಲೂ ಮಿರಿಡ್ ತಿಗಣೆ ದೊಡ್ಡ ಕಾಟ ಕೊಟ್ಟಿತು. ಮೊಗ್ಗು, ಎಳೆಕಾಯಿಯ ರಸ ಹೀರಿ ಉದುರಿಸುತ್ತದೆ. ರಸ ಹೀರುವ ಜಿಗಿಹುಳು, ಥ್ರಿಪ್ಸ್ ನುಸಿ, ಬಿಳಿ ನೊಣಕ್ಕೂ ಬಿಟಿ ಏನೂ ಮಾಡುವುದಿಲ್ಲ. ಅದಕ್ಕೆ ಮತ್ತೆ ಪಂಪು ಹೆಗಲಿಗೆ ಬರುತ್ತದೆ.

ನನಗೆ ನಿಜಕ್ಕೂ ಬೇಜಾರಾಗುವುದು ಗುಲಾಬಿ ಕಾಯಿಕೊರಕದ, ಅಂದರೆ ಹತ್ತಿಕಾಯಿಯೊಳಗೆ ಸೇರಿಕೊಳ್ಳುವ ಗುಲಾಬಿ ಬಣ್ಣದ ಮರಿಹುಳುವಿನ ವಿಷಯದಲ್ಲಿ. ಹಸಿರು ಕಾಯಿಕೊರಕ ತೊಗರಿ, ಕಡಲೆ, ಟೊಮೆಟೊ ಎಲ್ಲ ತಿನ್ನುತ್ತದೆ, ಹಾಗಾಗಿ ಬಿಟಿಗೆ ಬಗ್ಗದ ಹುಳು ಹುಟ್ಟಿದರೂ ಬೇರೆ ಬೆಳೆಯಲ್ಲಿ ಬೆಳೆದ ಸಾಧಾರಣ ಹುಳುವಿನ ಜೊತೆ ಕೂಡಿ ಆ ಗುಣ ತೆಳುವಾಗುತ್ತದೆ. ಗುಲಾಬಿ ಹುಳುವಿಗೆ ಹೆಚ್ಚುಕಮ್ಮಿ ಹತ್ತಿಯೇ ಗತಿ. ಅದಕ್ಕೇ 450 ಗ್ರಾಂ ಬಿಟಿ ಪ್ಯಾಕೆಟ್ಟಿನ ಜೊತೆ 120 ಗ್ರಾಂ ಸಾದಾ ಬೀಜ ಕೊಡುತ್ತಿದ್ದರು, ಹೊಲದ ಸುತ್ತ ಬಿತ್ತಿ, ಆ ಸಾಲಲ್ಲಿ ಸಾಧಾರಣ ಹುಳು ಬದುಕಲಿ ಅಂತ. ಬಹಳ ಜನ ಆ ಬೀಜ ಬಿತ್ತಲೇ ಇಲ್ಲ. ರೈತನನ್ನು ಸುಮ್ನೆ ಬೈಯುವುದು ಬೇಡ. ಸಣ್ಣ ಹಿಡುವಳಿಯವರಿಗೆ ಹುಳು ತಿನ್ನಲಿ ಅಂತ ಜಾಗ ಬಿಡು ಅಂದರೆ ಹೇಗೆ ಒಪ್ಪುತ್ತಾರೆ? ಯಾಕೆ ಅಂತ ಕೂತು ಹೇಳಿದವರಾದರೂ ಎಷ್ಟು ಜನ? 2010ರಲ್ಲೇ ಗುಜರಾತಿನಲ್ಲಿ ಗುಲಾಬಿ ಹುಳು ಒಂದು ಜೀನಿನ ಹತ್ತಿಯನ್ನು ಜೀರ್ಣಿಸಿಕೊಳ್ಳುತ್ತಿದೆ ಅಂತ ಗೊತ್ತಾಯಿತು, ಆಮೇಲೆ ಎರಡು ಜೀನಿನದಕ್ಕೂ ಅದೇ ಆಯಿತು. ಅಮೆರಿಕದಲ್ಲಿ ಸಾದಾ ಹತ್ತಿಯ ಸಾಲು ಬಿಟ್ಟು, ಆಮೇಲೆ ಸಂತಾನವಾಗದ ಪತಂಗಗಳನ್ನೂ ಹಾರಿಬಿಟ್ಟು, 2018ರಲ್ಲಿ ಅದೇ ಹುಳುವನ್ನು ಹತ್ತಿ ಸೀಮೆಯಿಂದಲೇ ಓಡಿಸಿದೆವು ಅಂತ ಸಾರಿದರು.

ಬೀಜದಲ್ಲಿ ಜೀನ್ ಇದ್ದದ್ದು ತಪ್ಪಲ್ಲ, ಅದೊಂದೇ ಸಾಕು ಅಂತ ಮಾರಿದ್ದು ತಪ್ಪು ಅಂತ ನನ್ನ ಅಭಿಪ್ರಾಯ. ಮುಂಡಗೋಡ ಕಡೆಯ ನೆಂಟರಿಗೆ ನಾನು ಹೇಳುವುದು ಇಷ್ಟೇ. ಇನ್ನೊಂದು ಬಿಡಿಸು ಹತ್ತಿ ಸಿಗುತ್ತದೆ ಅಂತ ಬೇಸಿಗೆವರೆಗೆ ಗಿಡ ಇಟ್ಟುಕೊಳ್ಳಬೇಡಿ, ಡಿಸೆಂಬರ್ ಕೊನೆಗೆ ಬೆಳೆ ಮುಗಿಸಿ. ಹೆಣ್ಣು ಪತಂಗದ ವಾಸನೆಯಿಂದ ಗಂಡು ಪತಂಗವನ್ನು ಸೆಳೆಯುವ ಮೋಹಕ ಬಲೆ ಕಟ್ಟಿ, ಪತಂಗ ಎಷ್ಟು ಬೀಳುತ್ತದೆ ಅಂತ ನೋಡಿಕೊಂಡು ಆಮೇಲೆ ಔಷಧಿಯ ಮಾತು. ಹತ್ತಿ ಕಟ್ಟಿಗೆಯನ್ನು ಒಲೆಗೆ ಬೇಕಂತ ಬದುವಿನ ಮೇಲೆ ರಾಶಿ ಹಾಕಬೇಡಿ, ಒಣಕಾಯಿಯೊಳಗೆ ಹುಳು ಮಲಗಿಕೊಂಡೇ ಮುಂದಿನ ಮಳೆಗೆ ಕಾಯುತ್ತದೆ.