ತಿಂಗಳ ಚಂದಾ ಕಟ್ಟಿ ಇಟ್ಟುಕೊಂಡ ವಕೀಲರು

ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಬಾಡಿಗೆ ಮನೆ ಖಾಲಿ ಮಾಡಿದ ಮೇಲೆ ನಮಗೆ ಪೂರ್ತಿ ಡೆಪಾಸಿಟ್ ಬರಲಿಲ್ಲ, ಒಂದು ಪಟ್ಟಿ ಬಂತು. ಹೊಸ ಕಾರ್ಪೆಟ್‌ಗೆ 1,100 ಡಾಲರ್, ಗೋಡೆಗೆ ಬಣ್ಣ ಬಳಿದಿದ್ದಕ್ಕೆ 700, ಕಿಟಕಿಯ ಬ್ಲೈಂಡ್‌ಗೆ 85. ನಾವು ಕೊಟ್ಟಿದ್ದು 3,600. ಅರ್ಧಕ್ಕಿಂತ ಜಾಸ್ತಿ ಹೋಗಿತ್ತು.

ಬ್ಲೈಂಡ್ ಎಳೆದು ಮುರಿದಿದ್ದು ನಮ್ಮ ಮಗನೇ, ಅದು ನ್ಯಾಯ. ಆದರೆ ಆ ಕಾರ್ಪೆಟ್ ನಾವು ಮನೆಗೆ ಹೋದಾಗಲೇ ಬಾಗಿಲ ಹತ್ತಿರ ಸವೆದು ನೂಲು ಎದ್ದಿತ್ತು. ಅವತ್ತು ತೆಗೆದ ಫೋಟೋ ನನ್ನ ಫೋನಿನಲ್ಲಿತ್ತು. ನನಗೆ ಹೊಟ್ಟೆ ಉರಿದುಹೋಯಿತು.

"ಹೋಗ್ಲಿ ಬಿಡು, ಪರದೇಶದಲ್ಲಿ ಕೋರ್ಟು ಕಚೇರಿ ಯಾಕೆ?" ಎಂದರು ನನ್ನ ಗಂಡ. ಗೆದ್ದವನು ಸೋತ, ಸೋತವನು ಸತ್ತ ಅನ್ನುವ ಮಾತು ಕೇಳಿಕೊಂಡೇ ಬೆಳೆದವರು ನಾವು. ಊರಲ್ಲಾದರೆ ಅಪ್ಪನಿಗೆ ಪರಿಚಯದ ವಕೀಲರೊಬ್ಬರು ಇರುತ್ತಾರೆ. ಸಂಜೆ ಅವರ ಮನೆಗೆ ಹೋಗಿ ಕಾಗದ ತೋರಿಸಿ ಬರಬಹುದು. ಇಲ್ಲಿ ಫೋನ್ ಮಾಡಿ ವಿಚಾರಿಸಿದರೆ ಒಬ್ಬರು ಗಂಟೆಗೆ 350 ಡಾಲರ್ ಎಂದರು. ಐದು ಗಂಟೆ ಕೆಲಸ ಹಿಡಿದರೆ ಬರಬೇಕಾದ ಹಣ ಅವರಿಗೇ ಸರಿಹೋಗುತ್ತದೆ. ಇದನ್ನು ಮನೆ ಮಾಲೀಕರೂ ಬಲ್ಲರು. ಅದಕ್ಕೇ ಇಂಥ ಪಟ್ಟಿ ಕಳಿಸುವ ಧೈರ್ಯ ಬರುವುದು.

ದಾರಿ ತೋರಿಸಿದ್ದು ಕನ್ನಡ ಕೂಟದಲ್ಲಿ ಪರಿಚಯವಾದ ಅಕ್ಕ ಒಬ್ಬರು. "ನಿಮ್ಮ ಕಂಪನೀಲಿ ಲೀಗಲ್ ಪ್ಲಾನ್ ಇಲ್ವೇನೇ? ಹೆಲ್ತ್ ಇನ್ಶೂರೆನ್ಸ್ ಆರಿಸೋವಾಗ ಕೆಳಗಡೆ ಇರುತ್ತಲ್ಲ, ಅದು." ಇತ್ತು. ಹಿಂದಿನ ನವೆಂಬರ್‌ನಲ್ಲಿ ನಾನು ಅದನ್ನು ತೆಗೆದುಕೊಂಡೂ ಇದ್ದೆ. ತಿಂಗಳಿಗಿಷ್ಟು ಅಂತ ಚಂದಾ ಕಟ್ಟಿದರೆ, ವಕೀಲರು ಬೇಕಾದಾಗ ಅವರ ಫೀಸನ್ನು ಪ್ಲಾನ್‌ನವರು ಕೊಡುವ ವ್ಯವಸ್ಥೆ ಅದು. ಸಂಬಳದಲ್ಲಿ ತಿಂಗಳಿಗೆ 18 ಡಾಲರ್ ಹಿಡಿಯುತ್ತಿದ್ದರು.

ಪ್ಲಾನ್‌ನ ವೆಬ್‌ಸೈಟಿನಲ್ಲಿ ವಿಷಯ ಆರಿಸಿದೆ, ಕೇಸ್ ನಂಬರ್ ಬಂತು. ನಮ್ಮ ಜಿಪ್ ಕೋಡ್ ಸುತ್ತಮುತ್ತಲಿನ ವಕೀಲರ ಪಟ್ಟಿಯೂ ಬಂತು. ಆ ಪಟ್ಟಿಯಲ್ಲಿರುವವರ ಹತ್ತಿರ ಹೋದರೆ ಫೀಸು ನೇರವಾಗಿ ಪ್ಲಾನ್‌ನವರೇ ಕೊಡುತ್ತಾರೆ. ಹೊರಗಿನವರ ಹತ್ತಿರ ಹೋದರೆ ನಾವು ಕೊಟ್ಟು, ಅವರು ಗೊತ್ತುಮಾಡಿದ ಮಿತಿಯವರೆಗೆ ಮಾತ್ರ ವಾಪಸ್ ಪಡೆಯಬೇಕು. ನಾನು ಮೊದಲು ಆರಿಸಿದವರು ತಿರುಗಿ ಫೋನ್ ಮಾಡಲೇ ಇಲ್ಲ. ಇನ್ನೊಬ್ಬರು ಸದ್ಯಕ್ಕೆ ಹೊಸ ಕೇಸ್ ಬೇಡ ಎಂದರು. ಈ ಪ್ಲಾನ್‌ಗಳಲ್ಲಿ ನನಗೆ ಕಂಡ ದೊಡ್ಡ ತೊಂದರೆ ಇದೇ. ಪ್ಲಾನ್‌ನವರು ಕೊಡುವುದು ಮೊದಲೇ ನಿಗದಿಯಾದ, ಮಾಮೂಲಿಗಿಂತ ಕಡಿಮೆ ಫೀಸು. ಕೈತುಂಬ ಕೆಲಸ ಇರುವವರಿಗೆ ಅದು ಗಿಟ್ಟುವುದಿಲ್ಲ. ಹುಡುಕದೇ ಕಕ್ಷಿದಾರರು ಬರುತ್ತಾರಲ್ಲ ಎಂದು ಒಪ್ಪಿಕೊಂಡವರು ಸಿಗುತ್ತಾರೆ. ಚಂದಾ ಕಟ್ಟಿದ ಎಲ್ಲರಿಗೂ ಆ ವರ್ಷ ವಕೀಲರು ಬೇಕಾಗುವುದಿಲ್ಲ. ಬೇಡವಾದವರ ದುಡ್ಡಿನಲ್ಲಿ ಬೇಕಾದವರ ಕೆಲಸ ನಡೆಯುತ್ತದೆ.

ಕೊನೆಗೆ ಸಿಕ್ಕವರು ಪಕ್ಕದ ಊರಿನ ಒಬ್ಬ ಹಿರಿಯ ಮಹಿಳೆ. ಕಾರ್ಪೆಟ್ ಸುದ್ದಿಯನ್ನೇ ಅವರು ಮೊದಲು ಕೇಳಲಿಲ್ಲ. "ಮನೆ ಬಿಟ್ಟ ತಾರೀಕು ಯಾವುದು? ಪಟ್ಟಿ ಬಂದ ಲಕೋಟೆ ಇಟ್ಟಿದ್ದೀರಾ? ಅದರ ಮೇಲಿನ ಅಂಚೆ ಮುದ್ರೆಯ ಫೋಟೋ ಕಳಿಸಿ" ಎಂದರು. ನ್ಯೂಜೆರ್ಸಿಯಲ್ಲಿ ಮೊದಲು ತೆಗೆದುಕೊಳ್ಳುವ ಡೆಪಾಸಿಟ್ ಒಂದೂವರೆ ತಿಂಗಳ ಬಾಡಿಗೆ ಮೀರುವ ಹಾಗಿಲ್ಲ. ಮನೆ ಬಿಟ್ಟ 30 ದಿನದೊಳಗೆ ಲೆಕ್ಕದ ಸಮೇತ ಹಿಂದಿರುಗಿಸಬೇಕು. ಓಡಾಡಿ ಸವೆದಿದ್ದಕ್ಕೆ ಬಾಡಿಗೆದಾರರಿಂದ ದುಡ್ಡು ಹಿಡಿಯುವಂತಿಲ್ಲ. ಅನ್ಯಾಯವಾಗಿ ಹಿಡಿದಿದ್ದು ಕೋರ್ಟಿನಲ್ಲಿ ಸಾಬೀತಾದರೆ ಅದರ ಎರಡರಷ್ಟು ಕೊಡಬೇಕು. ಇಷ್ಟನ್ನೂ ಒಂದೇ ಪುಟದಲ್ಲಿ, ತಮ್ಮ ಲೆಟರ್‌ಹೆಡ್ ಮೇಲೆ ಮನೆ ಮಾಲೀಕರಿಗೆ ಬರೆದರು. ಬೈಗುಳ ಇಲ್ಲ, ಬೆದರಿಕೆ ಇಲ್ಲ. ಕಾನೂನಿನ ಕಲಂ, ತಾರೀಕು, ನನ್ನ ಫೋಟೋ, ಅಷ್ಟೇ. ಬ್ಲೈಂಡ್‌ನ 85 ಡಾಲರ್ ನಾವು ಒಪ್ಪುತ್ತೇವೆ ಎಂದು ಅವರೇ ಸೇರಿಸಿದರು. ಅದೊಂದು ಸಾಲು ಕಾಗದಕ್ಕೆ ತೂಕ ಕೊಟ್ಟಿತು ಅಂತ ನನಗೆ ಈಗಲೂ ಅನ್ನಿಸುತ್ತದೆ.

ಬ್ಲೈಂಡ್‌ನದು ಬಿಟ್ಟು ಉಳಿದದ್ದೆಲ್ಲ ಚೆಕ್‌ನಲ್ಲಿ ಬಂತು. ವಕೀಲರಿಂದ ನಮಗೆ ಬಿಲ್ ಬರಲಿಲ್ಲ.

ಆಮೇಲೆ ಈ ಪ್ಲಾನ್‌ಗಳ ಬಗ್ಗೆ ಸ್ವಲ್ಪ ಓದಿದೆ. ಇವು ಸುಲಭವಾಗಿ ಬಂದದ್ದಲ್ಲ. ಗಾಯಗೊಂಡ ರೈಲ್ವೆ ಕೆಲಸಗಾರರಿಗೆ ಅವರ ಯೂನಿಯನ್ ಇಂಥ ವಕೀಲರ ಹತ್ತಿರ ಹೋಗಿ ಎಂದು ಹೇಳುತ್ತಿದ್ದದ್ದಕ್ಕೇ ವರ್ಜೀನಿಯಾದ ವಕೀಲರ ಸಂಸ್ಥೆ ಕೋರ್ಟಿಗೆ ಹೋಗಿ ತಡೆ ತಂದಿತ್ತು. 1964ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಯೂನಿಯನ್ ಪರವಾಗಿ ತೀರ್ಪು ಕೊಟ್ಟಿತು. ಹತ್ತಾರು ಜನ ಸೇರಿ ವಕೀಲರನ್ನು ಗೊತ್ತುಮಾಡಿಕೊಳ್ಳುವ ದಾರಿ ಹಾಗೆ ಅಗಲವಾಯಿತು. ನನ್ನ 18 ಡಾಲರ್‌ನ ಹಿಂದೆ ಕೈಕಾಲು ಕಳೆದುಕೊಂಡ ಎಷ್ಟೋ ಕೂಲಿಗಳ ಹೋರಾಟ ಇದೆ ಅಂತ ತಿಳಿದಾಗ ಮನಸ್ಸು ಭಾರವಾಯಿತು.

ಎಲ್ಲದಕ್ಕೂ ಇದು ಆಗಿಬರುವುದಿಲ್ಲ. ಕೆಲಸ ಕೊಟ್ಟ ಕಂಪನಿಯ ಮೇಲೆಯೇ ಜಗಳ ಇದ್ದರೆ ಈ ಪ್ಲಾನ್ ಮುಟ್ಟುವುದಿಲ್ಲ. ಕೆಲಸ ಹೋದ ನನ್ನ ಗೆಳತಿಗೆ ಅದು ಬೇಕಿದ್ದಾಗಲೇ ಸಿಗಲಿಲ್ಲ. ಸ್ವಂತ ವ್ಯಾಪಾರದ ವ್ಯವಹಾರವೂ ಇಲ್ಲ. ಪ್ಲಾನ್ ಸೇರುವ ಮೊದಲೇ ಶುರುವಾಗಿದ್ದ ಕೇಸೂ ಇಲ್ಲ. ಮೈಸೂರಿನ ಸೈಟಿನ ಖಾತೆ ವಿಷಯ ಅಂತೂ ಕೇಳುವುದೇ ಬೇಡ. ಒಮ್ಮೆ ಸೇರಿದರೆ ವರ್ಷ ಪೂರ್ತಿ ಕಟ್ಟಬೇಕು, ನಡುವೆ ಬಿಡಲು ಆಗುವುದಿಲ್ಲ. ಸೇರುವ ಮೊದಲು ಏನು ಸಿಗುತ್ತದೆ ಎನ್ನುವುದಕ್ಕಿಂತ ಏನು ಸಿಗುವುದಿಲ್ಲ ಎನ್ನುವ ಪುಟವನ್ನು ಓದಿ, ದಯವಿಟ್ಟು.

ಡೆಪಾಸಿಟ್ ಕೆಲಸ ಮುಗಿದ ದಿನ ಆ ವಕೀಲರು ಫೋನ್ ಇಡುವ ಮೊದಲು ಕೇಳಿದರು: "ಮಗ ಚಿಕ್ಕವನು ಅಂದ್ರಲ್ಲ. ವಿಲ್ ಬರೆಸಿದ್ದೀರಾ? ನಿಮ್ಮ ಪ್ಲಾನ್‌ನಲ್ಲಿ ಅದೂ ಇದೆ." ಬರೆಸಿರಲಿಲ್ಲ. ಆ ರಾತ್ರಿ ನಾವಿಬ್ಬರೂ ಊಟದ ಮೇಜಿನ ಹತ್ತಿರ ತುಂಬಾ ಹೊತ್ತು ಕೂತಿದ್ದೆವು. ನಮಗೇನಾದರೂ ಆದರೆ ಇವನನ್ನು ನೋಡಿಕೊಳ್ಳುವವರು ಯಾರು? ತಂಗಿ ಇರುವುದು ಶಿವಮೊಗ್ಗದಲ್ಲಿ. ಅವಳು ವೀಸಾ ಮಾಡಿಸಿಕೊಂಡು ಬರುವವರೆಗೆ? ಈ ಪ್ರಶ್ನೆಯನ್ನು ದುಡ್ಡಿನ ಲೆಕ್ಕ ಇಲ್ಲದೆ, ನಿಧಾನವಾಗಿ ಒಬ್ಬ ವಕೀಲರ ಮುಂದೆ ಇಡಲು ಆಯಿತಲ್ಲ, ನನಗೆ ಈ ಪ್ಲಾನ್‌ನಿಂದ ಸಿಕ್ಕ ದೊಡ್ಡ ಲಾಭ ಅದು. ಪೋಷಕಿಯಾಗಿ ತಂಗಿಯ ಹೆಸರು, ಅವಳು ಬರುವ ತನಕ ಕನ್ನಡ ಕೂಟದ ಆ ಅಕ್ಕನ ಹೆಸರು ಬರೆಸಿದೆವು. ಇಬ್ಬರು ಸಾಕ್ಷಿಗಳು, ಒಬ್ಬ ನೋಟರಿ, ನಮ್ಮಿಬ್ಬರ ಸಹಿ. ಅಕ್ಕನನ್ನು ಕೇಳಿದಾಗ ಅವರು ಏನೂ ಹೇಳದೆ ನನ್ನ ಕೈ ಹಿಡಿದುಕೊಂಡಿದ್ದರು.

ಈಗ ಮನೆ ಕೊಳ್ಳುವ ಯೋಚನೆ ಇದೆ. ಇಲ್ಲಿ ಬ್ರೋಕರ್ ಬರೆದ ಕರಾರಿಗೆ ಸಹಿ ಮಾಡಿದ ಮೇಲೂ ವಕೀಲರಿಂದ ಓದಿಸಿ ರದ್ದು ಮಾಡಲು ಮೂರು ಕೆಲಸದ ದಿನಗಳ ಅವಕಾಶ ಉಂಟು. ಹಾಗಾಗಿ ಈ ನವೆಂಬರ್‌ನಲ್ಲೂ ಪ್ಲಾನ್ ಮುಂದುವರಿಸಿದ್ದೇವೆ.